ಏಳನೇ ಓಣಿಯ ಮೂಲೆ

ಬಲಗೈ ಮೇಲೆ, ಎಡಗೈ ಕೆಳಗೆ. ಬಲೆಕೋಲು ಕಲಿಯಲು ಬಂದವರಿಗೆ ನಲವತ್ತನಾಲ್ಕು ವರ್ಷ ನಾನು ಹೇಳಿದ ಮೊದಲ ಮಾತು ಇದೇ. ಅವರ ಹೆಸರು ಕೇಳುವುದಕ್ಕೂ ಮೊದಲು ಈ ಮಾತು. ನಾನು ಶಾಲೆ ಕಂಡದ್ದು ಎರಡನೇ ಇಯತ್ತೆಯ ತನಕ. ಲಗಮವ್ವ ಎಂದು ನನ್ನ ಹೆಸರು ಬರೆಯಲು ಇವತ್ತಿಗೂ ಒಂದು ಗಳಿಗೆ ಬೇಕು. ಆದರೆ ಈ ಊರಿನಲ್ಲಿ ಉಂಡೆ ಹಿಡಿಯುವ ಕೈಗಳಲ್ಲಿ ಮುಕ್ಕಾಲು ಪಾಲು ಕೆರೆಯ ಹಿಂದಿನ ಬಯಲಿನಲ್ಲಿ ನನ್ನ ಕಣ್ಣೆದುರೇ ಪಳಗಿದವು. ಯಾರು ಮೊದಲ ದಿನ ಅತ್ತರು, ಯಾರ ಕೋಲು ಯಾರ ಮೂಗಿಗೆ ಬಡಿಯಿತು, ಎಲ್ಲ ನೆನಪಿದೆ. ಒಂದನ್ನು ಮಾತ್ರ ಮರೆತಿದ್ದೆ. ಅದು ನೆನಪಾದದ್ದು ಹೇಗೆ ಎಂಬುದನ್ನು ಹೇಳುತ್ತೇನೆ.

ನಮ್ಮ ಊರಿನಲ್ಲಿ ಕಡ್ಡಿ ಗೀರಿದರೆ ಹೊತ್ತುವುದಿಲ್ಲ. ಹೊರಗಿನಿಂದ ತಂದ ಬೆಂಕಿ ಗಡಿಕಲ್ಲು ದಾಟುವಷ್ಟರಲ್ಲಿ ಬೂದಿಯಾಗುತ್ತದೆ. ಪಕ್ಕದ ಮನೆಯ ಒಲೆಯಿಂದ ಕೆಂಡ ತರೋಣವೆಂದರೆ ಹೊಸ್ತಿಲಲ್ಲೇ ಕಪ್ಪಾಗುತ್ತದೆ. ನಮಗಿರುವುದು ಬೆಂಕಿಯ ಉಂಡೆ ಒಂದೇ. ದಿನಾ ಮೂಡಣ ಕೆಂಪಾಗುವ ಹೊತ್ತಿಗೆ ಊರ ಮೇಲಿನ ಗುಡ್ಡದ ಬಿಲದಿಂದ ಅದು ಉರುಳಿಕೊಂಡು ಬರುತ್ತದೆ. ಬೆಳವಲಕಾಯಿಯಷ್ಟು ದಪ್ಪ, ಹೊರಗೆ ಬಿಳಿ, ಒಳಗೆ ಕೆಂಪು. ಮೊದಲ ಓಣಿಯವರು ಅದನ್ನು ತುದಿಗೆ ಹಗ್ಗದ ಬಲೆ ಕಟ್ಟಿದ ಬಲೆಕೋಲಿನಲ್ಲಿ ಎತ್ತಿಕೊಂಡು ಓಡುತ್ತಾರೆ. ಮನೆಮನೆಯ ಕಟ್ಟೆಯ ಮೇಲೆ ಹುಲ್ಲಿನ ಸಿವುಡು ಇಟ್ಟಿರುತ್ತಾರೆ. ಅದಕ್ಕೆ ಬಲೆ ಸೋಕಿಸಿದರೆ ಭಗ್ಗನೆ ಹೊತ್ತುತ್ತದೆ, ಆ ಮನೆಗೆ ಅವತ್ತಿನ ಒಲೆ ಸಿಕ್ಕಿತು. ಓಣಿ ಮುಗಿದಲ್ಲಿ ನಿಂತು ಮುಂದಿನ ಓಣಿಯವರಿಗೆ ಎಸೆಯಬೇಕು. ಅವರು ತಮ್ಮ ಓಣಿಯ ಮೂಲೆಯಲ್ಲಿ ನಿಂತು ಹಿಡಿಯಬೇಕು. ಹಿಡಿದುಕೊಂಡೇ ಬೇರೆ ಓಣಿಗೆ ಕಾಲಿಟ್ಟರೆ ಉಂಡೆ ಆರುತ್ತದೆ. ಕೈ ಮುಟ್ಟಿದರೆ ಆರುತ್ತದೆ. ಬಲೆಯಲ್ಲಿ ಅಲುಗಾಡದೆ ಕೂತರೆ ಆರುತ್ತದೆ, ನೆಲಕ್ಕೆ ಬಿದ್ದು ಉರುಳುವುದು ನಿಂತರೂ ಆರುತ್ತದೆ. ಹಗ್ಗದ ಬಲೆ ಸುಡುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ನಾವು ಯಾವತ್ತೂ ಕೇಳಿಲ್ಲ. ನಡುವೆ ಯಾರಾದರೂ ಬೀಳಿಸಿದರೆ ಅಲ್ಲಿಂದ ಮುಂದಿನವರಿಗೆ ಅವತ್ತು ನೆನೆಸಿದ ಅವಲಕ್ಕಿ, ಮೊಸರು, ಹಸಿ ಉಳ್ಳಾಗಡ್ಡಿ. ಅದಕ್ಕೇ ನಮ್ಮಲ್ಲಿ ಸಂಬಂಧ ಬೆಳೆಸಲು ಬಂದವರು ಹೊಲ ಎಷ್ಟು, ಎತ್ತು ಎಷ್ಟು ಎಂದು ಆಮೇಲೆ ಕೇಳುತ್ತಾರೆ. ನಿಮ್ಮದು ಎಷ್ಟನೇ ಓಣಿ ಎಂಬುದು ಮೊದಲು.

ಏಳನೆಯದು ಕೊನೆಯ ಓಣಿ. ಅಲ್ಲಿ ಮೂರೇ ಮನೆ. ಒಂದು ದ್ಯಾಮಣ್ಣನದು, ಒಂದು ತೊಂಬತ್ತು ದಾಟಿದ ಅಜ್ಜಿಯದು, ಇನ್ನೊಂದು ಕುಂಬಾರ ಯಮನಪ್ಪನದು. ಆ ಓಣಿಗೆ ಊರಿನವರು ಹೆಣ್ಣು ಕೊಡಲಿಲ್ಲವೆಂದು ಯಮನಪ್ಪ ಹೊರಗಿನಿಂದ ಶಾವಂತ್ರೆವ್ವನನ್ನು ಮದುವೆಯಾಗಿ ತಂದ. ಮೊದಲ ದಿನ ಬಂದವಳು ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಮೂವತ್ತು ಕಡ್ಡಿ ಗೀರಿದಳಂತೆ. ಮೂವತ್ತೊಂದನೆಯದಕ್ಕೆ ನಕ್ಕು ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು, ಗಂಡನ ಪಕ್ಕ ಮಣ್ಣು ತುಳಿಯಲು ನಿಂತಳಂತೆ. ಅದಾಗಿ ಆರು ವರ್ಷ.

ದ್ಯಾಮಣ್ಣ ಆ ಓಣಿಯ ಮೂಲೆ ಕಾಯ್ದದ್ದು ಮೂವತ್ತೇಳು ವರ್ಷ. ಆರನೇ ಓಣಿಗೂ ಏಳಕ್ಕೂ ನಡುವೆ ಹಳೇ ಕೋಟೆಯ ಒಣ ಕಂದಕವಿದೆ. ಉಂಡೆ ಅದನ್ನು ಹಾರಿ ಬರಬೇಕು, ಊರಲ್ಲೇ ಉದ್ದದ ಎಸೆತ ಅದು. ಒಮ್ಮೆಯೂ ದ್ಯಾಮಣ್ಣ ಬಿಡಲಿಲ್ಲ. ಈ ವರ್ಷ ಬೇಸಿಗೆಯ ಕೊನೆಗೆ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಭುಜ ಮುರಿದುಕೊಂಡ. ಎಲುಬು ಕಟ್ಟಿಸಲು ಅವನನ್ನು ಗಾಡಿಯಲ್ಲಿ ಹಾಕಿ ಬೇರೆ ಊರಿಗೆ ಒಯ್ದರು.

ಮರುದಿನವೇ ಶಾವಂತ್ರೆವ್ವ ಬಯಲಿಗೆ ಬಂದಳು. ಸೀರೆಯ ಅಂಚಿನಲ್ಲಿ ಕೆಸರು ಒಣಗಿತ್ತು.

"ಆಯಿ, ನನಗ ಕಲಸ್ರಿ. ಗಡಿಗಿ ಸುಡೂ ಆವಿಗಿ ಜೋಡ್ಸೇವಿ. ಮುನ್ನೂರು ಅದಾವ್ರಿ ಅದರಾಗ, ಎಲ್ಲಾ ಹಸೀವು. ಮಿರಗದ ಮಳಿ ಬರೂದ್ರಾಗ ಬೆಂಕಿ ಬೀಳಲಿಲ್ಲಂದ್ರ ಮೂರು ತಿಂಗಳ ಕೆಲಸ ಮತ್ತ ಮಣ್ಣಾಗಿ ಹೊಕ್ಕೈತಿ."

"ಬಿಚ್ಚಿ ಒಳಗ ಇಡಾಕ ಬರೂದಿಲ್ಲೇನು?"

"ಜೋಡ್ಸಿದ ಆವಿಗಿ ಬಿಚ್ಚಿದ್ರ ಅರ್ಧ ಒಡೀತಾವ್ರಿ. ಉಳಿದದ್ದ ಎಲ್ಲಿಡ್ಲಿ? ನಮ್ಮ ಮನಿ ಇರೂದ ಬೆಕ್ಕಿನ ಬೆನ್ನಿನಷ್ಟ."

"ಯಮನಪ್ಪ?"

"ಅಂವಾ ಆವಿಗಿ ಬಾಯಾಗ ನಿಂದ್ರಬೇಕಲ್ರಿ. ಬೆಂಕಿ ಬಿದ್ದ ಗಳಿಗ್ಯಾಗ ಬಾಯಿ ಮುಚ್ಚಬೇಕು, ಅದು ಅವಂಗಷ್ಟ ಗೊತ್ತು. ಹಿಡಿಯಾಕಿ ನಾನ."

ಮಿರಗ, ಅಂದರೆ ಮೃಗಶಿರ ಮಳೆ, ಶುರುವಾಗಲು ಹದಿನೈದು ದಿನವಿತ್ತು. ಕೋಲು ಕೊಟ್ಟೆ. "ಬಲಗೈ ಮ್ಯಾಲ, ಎಡಗೈ ಕೆಳಗ" ಎಂದೆ.

ಮೊದಲ ಎರಡು ದಿನ ತೂಗುವುದನ್ನು ಮಾತ್ರ ಕಲಿಸುತ್ತೇನೆ. ಬಲೆಯಲ್ಲಿ ಬೆಳವಲಕಾಯಿ ಹಾಕಿ, ಕೋಲನ್ನು ಕಿವಿಯ ಪಕ್ಕ ನಿಲ್ಲಿಸಿ, ಮಣಿಕಟ್ಟು ಮಡಚಿ ಬಿಚ್ಚಿ ನಡೆಯಬೇಕು. ಕಾಯಿ ಬಲೆಯ ತಳದಲ್ಲಿ ಮಲಗಿದ ಮಗುವಿನ ಹಾಗೆ ಅತ್ತಿತ್ತ ಹೊರಳಬೇಕು, ಬೀಳಬಾರದು. ಹೊಸಬರು ಇಡೀ ತೋಳು ಬೀಸುತ್ತಾರೆ, ಹತ್ತು ಹೆಜ್ಜೆಗೆ ದಣಿಯುತ್ತಾರೆ. ಶಾವಂತ್ರೆವ್ವ ಒಂದು ಸಲ ನನ್ನ ಮಣಿಕಟ್ಟು ನೋಡಿದಳು, ಅಷ್ಟೇ. "ತಿಗರಿ ಮ್ಯಾಲ ಗಡಿಗಿ ಕಂಠ ತಿದ್ದಿದಂಗ ಐತ್ರಿ ಇದು. ಬಿಗಿ ಹಿಡದ್ರ ಸೊಟ್ಟ ಆಗ್ತೈತಿ, ಸಡ್ಲ ಬಿಟ್ರ ಹಾರಿ ಹೊಕ್ಕೈತಿ" ಎಂದಳು. ನಲವತ್ತನಾಲ್ಕು ವರ್ಷದಲ್ಲಿ ನಾನು ಅದನ್ನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಆಮೇಲೆ ನೆಲದಿಂದ ಎತ್ತುವುದು. ಉರುಳುವ ಕಾಯಿಯ ಮುಂದೆ ನಿಂತು ಬಾಚಿದರೆ ಅದು ಓಡುತ್ತದೆ. ಮೇಲಿಂದ ಒತ್ತಿದರೆ ನಿಲ್ಲುತ್ತದೆ, ನಿಂತರೆ ಸತ್ತಿತು. ಮಂಡಿ ಬಗ್ಗಬೇಕು, ಕೆಳಗಿನ ಕೈ ಮಣ್ಣು ಸವರುವಷ್ಟು ಇಳಿಯಬೇಕು, ಓಡುತ್ತಿರುವ ಕಾಲು ಓಡುತ್ತಲೇ ಇರಬೇಕು. "ಎತ್ತಾಕ ಹೋಗಬ್ಯಾಡ. ಅದರ ಮನಿ ಹಾದು ಮುಂದಿನ ಮನಿಗೆ ಹೊಂಟೀನಿ ಅನಕೋ. ಹೋಗೂವಾಗ ಕೈಯಾಗ ಬಂದಿರತೈತಿ" ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವಳು ನಾಲ್ಕು ಸಲ ಮುಗ್ಗರಿಸಿದಳು. ಐದನೆಯ ಸಲ ಕಾಯಿ ಬಲೆಯಲ್ಲಿತ್ತು, ಅವಳು ಕೆರೆಯ ಏರಿಯ ಮೇಲಿದ್ದಳು.

ಹಿಡಿಯುವುದಕ್ಕೆ ಕೋಳಿತತ್ತಿ. ತತ್ತಿ ಎಸೆಯುತ್ತೇನೆ, ಒಡೆಯದೆ ಬಲೆಗೆ ಇಳಿಸಿಕೊಳ್ಳಬೇಕು. ಬರುವುದಕ್ಕೆ ಎದುರಾಗಿ ಕೋಲು ಚಾಚಿದರೆ ಒಡೆಯಿತು. ಬಾಗಿಲಿಗೆ ಬಂದ ಬೀಗರನ್ನು ನಾವು ಎರಡು ಹೆಜ್ಜೆ ಹಿಂದೆ ಸರಿದು ಒಳಗೆ ಕರೆದುಕೊಳ್ಳುವುದಿಲ್ಲವೇ, ಹಾಗೆ ಬಲೆ ಹಿಂದಕ್ಕೆ ಸರಿಯಬೇಕು. ಮೊದಲ ದಿನ ಹನ್ನೊಂದು ತತ್ತಿ ಅವಳ ತಲೆಯ ಮೇಲೆ ಒಡೆದವು. ಕೂದಲು ಹಿಂಡುತ್ತ, "ಒಲಿ ಇದ್ದಿದ್ರ ಇಷ್ಟೊತ್ತಿಗೆ ಆಮ್ಲೆಟ್ ಆಗ್ತಿತ್ತು" ಎಂದಳು. ಎಂಟನೆಯ ದಿನದ ಹೊತ್ತಿಗೆ ಒಂದೂ ಒಡೆಯಲಿಲ್ಲ.

ಒಂಬತ್ತನೆಯ ದಿನ ನಾನು ಹೇಳಿದೆ: "ನಾಳೆಯಿಂದ ನಿನ್ನ ಮೂಲ್ಯಾಗ ನಿಂದ್ರು." ನನ್ನ ಮಾತಿನಲ್ಲಿ ಅನುಮಾನ ಇರಲಿಲ್ಲ. ಅಷ್ಟು ಬೇಗ ಅಷ್ಟು ಚೆನ್ನಾಗಿ ಕಲಿತವರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ.

ಮರುದಿನ ಬೆಳಿಗ್ಗೆ ಅವಳು ಬಿಟ್ಟಳು. ಕೋಲು ಕೋಟೆಯ ಗೋಡೆಗೆ ಬಡಿದು ಉಂಡೆ ಕಂದಕಕ್ಕೆ ಹೋಯಿತು ಎಂದು ಸುದ್ದಿ ಬಂತು. ಮೊದಲ ದಿನ, ಅಂಜಿಕೆ, ಎಂದುಕೊಂಡೆ. ಎರಡನೆಯ ದಿನವೂ ಅದೇ ಗೋಡೆ, ಅದೇ ಕಂದಕ. ಆರನೇ ಓಣಿಯ ಹೆಂಗಸೊಬ್ಬಳು ನೀರಿನ ಹತ್ತಿರ ನನಗೆ ಕೇಳುವಂತೆಯೇ ಹೇಳಿದಳು: "ಕಡ್ಡಿಪೆಟಿಗಿ ಊರಿನಾಕಿಗೆ ಉಂಡಿ ಹ್ಯಾಂಗ ಒಲೀತೈತಿ?" ಮೂರನೆಯ ದಿನ ಮತ್ತೆ ಬಿಟ್ಟಾಗ ಅವಳೇ ಬಯಲಿಗೆ ಬಂದಳು. ಮೊಳಕೈ ತರಚಿತ್ತು. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು.

"ಅಂಜಬ್ಯಾಡ ಮಗಳ" ಎಂದೆ. "ಇಲ್ಲಿ ಹಿಡಿದಾಕಿ ಅಲ್ಲಿ ಯಾಕ ಹಿಡಿಯೂದಿಲ್ಲ?"

"ನಾ ಅಂಜಿಲ್ರಿ ಆಯಿ." ಕೋಲನ್ನು ನನ್ನ ಕಾಲ ಬಳಿ ನೆಲಕ್ಕಿಟ್ಟಳು. "ಬೈದ್ರ ಬೈರಿ. ಆದ್ರ ನೀವು ಒಂದ್ಸಲ ಬಂದು ನಿಂತು ನೋಡ್ರಿ. ಆಮ್ಯಾಲ ಬೈರಿ."

ಅಲ್ಲಿಯ ತನಕ ನಾನು ಆ ಮೂಲೆಯಲ್ಲಿ ಕೋಲು ಹಿಡಿದು ನಿಂತಿರಲಿಲ್ಲ. ಇದು ನಂಬುವ ಮಾತಲ್ಲ, ಆದರೂ ನಿಜ. ನನ್ನದು ಎರಡನೇ ಓಣಿ. ಬೆಳಗಾದರೆ ನನ್ನ ಮೂಲೆಯಲ್ಲಿ ನಾನಿರಬೇಕು. ಕಲಿಸುವುದು ಬಯಲಿನಲ್ಲಿ, ಅಲ್ಲಿ ಗೋಡೆ ಇಲ್ಲ, ಕಂದಕ ಇಲ್ಲ, ಗಾಳಿ ಕೂಡ ಒಂದೇ ಕಡೆಯಿಂದ ಬೀಸುತ್ತದೆ. ಗಡಿಗೆ ಕೊಳ್ಳಲು ಏಳನೇ ಓಣಿಗೆ ನೂರು ಸಲ ಹೋಗಿದ್ದೇನೆ, ಗಡಿಗೆ ಹೊತ್ತು ಬಂದಿದ್ದೇನೆ.

ಅವತ್ತು ಮಧ್ಯಾಹ್ನ ಕೋಲು ಹಿಡಿದು ಹೋದೆ. ಮೂಲೆಯಲ್ಲಿ ಒಂದು ಹಾಸುಗಲ್ಲಿದೆ, ನಿಲ್ಲಲು ಅದೊಂದೇ ಜಾಗ. ಎಡಕ್ಕೆ ತೆರವು, ಎದುರಿಗೆ ಕಂದಕ, ಬಲಕ್ಕೆ ತೋಳು ಸವರುವಷ್ಟು ಹತ್ತಿರ ಕೋಟೆಯ ಗೋಡೆ. ಬಲಗೈ ಮೇಲೆ ಮಾಡಿ ಕೋಲು ಎತ್ತಿದೆ. ಬಲೆ ಹಿಂದಕ್ಕೆ ಸರಿಯುವ ಮೊದಲೇ ಗೋಡೆಗೆ ತಾಗಿ ಖಟ್ ಎಂದಿತು. ಒಂದು ಸಲ, ಎರಡು ಸಲ. ಬೀಗರನ್ನು ಒಳಗೆ ಕರೆದುಕೊಳ್ಳಲು ಅಲ್ಲಿ ಮನೆಯೇ ಇರಲಿಲ್ಲ.

ತಲೆ ತಗ್ಗಿಸಿದೆ. ಆಗ ಕಲ್ಲು ಕಂಡಿತು. ಮೂವತ್ತೇಳು ವರ್ಷ ಒಬ್ಬನೇ ನಿಂತ ಕಲ್ಲು ಅದು. ಎರಡು ಪಾದ ಊರಿದ ಕಡೆ ಬಟ್ಟಲಿನ ಹಾಗೆ ಸವೆದಿತ್ತು. ಬಲಗೈಯವರು ನಿಂತರೆ ಎಡಗಾಲು ಮುಂದಿರುತ್ತದೆ. ಇಲ್ಲಿ ಮುಂದಿನ ಕುಳಿ ಬಲಗಾಲಿನದು. ಹೆಬ್ಬೆರಳಿನ ಒತ್ತು ಕೂಡ ಕಾಣುತ್ತಿತ್ತು. ನನ್ನ ಕಾಲನ್ನು ಆ ಕುಳಿಗಳಲ್ಲಿ ಇಟ್ಟೆ. ಮೈ ತಾನಾಗಿ ತಿರುಗಿತು. ಕೈ ಬದಲಿಸಿಕೋ ಎಂದು ಕಲ್ಲೇ ಹೇಳಿದ ಹಾಗಾಯಿತು.

"ಅಂವಾ ಎಡಚ" ಎಂದೆ.

"ಯಾರ್ರಿ?" ಎಂದಳು ಶಾವಂತ್ರೆವ್ವ.

ಕಂದಕದ ಆಚೆ ಆರನೇ ಓಣಿಯ ಬುಡನಸಾಬ ಹೊಲಿಗೆ ಯಂತ್ರ ಹೊರಗಿಟ್ಟುಕೊಂಡು ಕೂತಿದ್ದ. ದಿನಾ ಉಂಡೆ ಎಸೆಯುವವನು ಅವನೇ. ಕೂಗಿ ಕೇಳಿದೆ: "ಬುಡನಸಾಬ, ದ್ಯಾಮ ಯಾವ ಕೈಲೆ ಹಿಡೀತಿದ್ದ?"

"ಬಲಗೈ ಅಲ್ಲೇನ ಲಗಮಕ್ಕಾ! ಬಲೆ ನನ್ನ ಬಲಕ್ಕ ಇರ್ತಿತ್ತು!" ಎಂದು ತನ್ನ ಬಲಗೈ ಎತ್ತಿ ತೋರಿಸಿದ. ಆಮೇಲೆ ಆ ಕೈಯನ್ನೇ ನೋಡಿದ, ನನ್ನನ್ನು ನೋಡಿದ, ತಾನು ಎದುರಿಗೆ ಕೂತವನೆಂಬುದು ಹೊಳೆಯಿತು. "ಯಾ ಅಲ್ಲಾ" ಎಂದು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಹದಿನೆಂಟು ವರ್ಷ ಅವಂಗ ಎಸದೀನಿ. ಅವನ ಎಡ ನನ್ನ ಬಲ ಅನ್ನೂದು ಇವತ್ತ ತಿಳೀತು ನೋಡು."

ದ್ಯಾಮಣ್ಣ ಮರುದಿನ ಗಾಡಿಯಲ್ಲಿ ಬಂದ. ಆವಿಗೆಯ ದಿನ ಹತ್ತಿರ ಬಂತೆಂದು, ಭುಜದ ಕಟ್ಟು ಬಿಚ್ಚುವ ಮೊದಲೇ ಹಟ ಹಿಡಿದು ಬಂದಿದ್ದ. ಎಡಗೈ ಕೊರಳಿಗೆ ಕಟ್ಟಿತ್ತು. ನಾನು ಹಾಸುಗಲ್ಲಿನ ಮೇಲೆ ಬಲಗಾಲು ಮುಂದಿಟ್ಟು ನಿಂತಿದ್ದನ್ನು ನೋಡಿ ಗಾಡಿಯಲ್ಲೇ ನಕ್ಕ.

"ಕಡೀಕ ಸಿಕ್ಕಬಿದ್ನ್ಯಾ ಯಕ್ಕಾ?"

"ಯಾಕ ಹೇಳಲಿಲ್ಲೋ ನನಗ?"

"ಹೇಳಿದ್ನಲ್ಲ. ಹನ್ನೊಂದು ವರ್ಷದವ ಇದ್ದೆ. ಬಯಲಾಗ ಎಡಗೈ ಮ್ಯಾಲ ಹಿಡಕೊಂಡು ಬಂದೆ. ಬರೂದು ಹಿಂಗ ಅಂದೆ. ನೀ ಕೋಲಿಲೆ ಗಿಣ್ಣಿಗೆ ಹೊಡದಿ."

ನೆನಪಾಯಿತು. ಅದೇ, ನಾನು ಮರೆತಿದ್ದ ಒಂದು. ಕಲಿಸಲು ಶುರು ಮಾಡಿದ ಮೊದಲ ವರ್ಷ. ನನಗೆ ಮೂವತ್ತು. ಸೊಟ್ಟ ಹಿಡಿಯುವ ಹುಡುಗನನ್ನು ನೆಟ್ಟಗೆ ಮಾಡದಿದ್ದರೆ ಊರು ನಗುತ್ತದೆ ಎಂಬ ಹೆದರಿಕೆ. ಮೂರು ಸಲ ಹೊಡೆದೆ. ಮೂರನೆಯದಕ್ಕೆ ಅವನು ಕೈ ಬದಲಿಸಿದ, ಅಳಲಿಲ್ಲ. ಅಳದೇ ಹೋದವರನ್ನು ನಾನು ನೆನಪಿಟ್ಟುಕೊಂಡಿರಲಿಲ್ಲ.

"ಬಯಲಾಗ ಬಲಗೈ, ಮೂಲ್ಯಾಗ ಎಡಗೈ" ಎಂದ ದ್ಯಾಮಣ್ಣ. "ನೀ ಬಡದ ಕೈಲೇನ ಮೂವತ್ತೇಳು ವರ್ಷ ಹಿಡದೆ. ಸಿಟ್ಟಿಲ್ಲ ಬಿಡು. ಆ ಗ್ವಾಡಿ ಬಲಕ್ಕಿತ್ತು, ನನ್ನ ನಶೀಬ ಎಡಕ್ಕಿತ್ತು."

"ತಪ್ಪು ನಂದ ದ್ಯಾಮ" ಎಂದೆ. ಯಮನಪ್ಪ, ಶಾವಂತ್ರೆವ್ವ, ಗಾಡಿಯವನು, ಕಂದಕದ ಆಚೆ ಬುಡನಸಾಬ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೇಳಿ ಸತ್ತುಹೋಗಲಿಲ್ಲ. "ಈಗ ನೀ ಕಲಸು. ಈಕಿಗೂ, ನನಗೂ."

ಮಿರಗಕ್ಕೆ ಉಳಿದದ್ದು ಎರಡೇ ದಿನ. ದ್ಯಾಮಣ್ಣ ಕಟ್ಟೆಯ ಮೇಲೆ ಕೂತು ಬಾಯಲ್ಲಿ ಹೇಳುವುದು, ನಾವಿಬ್ಬರು ಹೆಂಗಸರು ಎಡಗೈ ಮೇಲೆ ಮಾಡಿ ತತ್ತಿ ಹಿಡಿಯುವುದು. ಮಣಿಕಟ್ಟಿಗೆ ಹೊಸ ದಾರಿ ತೋರಿಸುವುದೆಂದರೆ ಹಳೇ ಎತ್ತನ್ನು ಹೊಸ ಮನೆಗೆ ಹೊಡೆದಂತೆ, ಮತ್ತೆ ಮತ್ತೆ ಹಳೇ ಕೊಟ್ಟಿಗೆಗೇ ತಿರುಗುತ್ತದೆ. ನನ್ನ ತಲೆಯ ಮೇಲೆ ಒಂಬತ್ತು ತತ್ತಿ ಒಡೆದವು. ಎಪ್ಪತ್ನಾಲ್ಕು ವರ್ಷದ ಬಿಳಿ ಕೂದಲು ಹಳದಿಯಾಯಿತು.

"ಬೀಗರು ಬಂದ್ರು ಆಯಿ, ಹಿಂದಕ್ಕ ಸರೀರಿ!" ಎಂದು ಶಾವಂತ್ರೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬ್ಯಾಡ, ನಿನ್ನ ಕೆಳಗಿನ ಕೈ ನೋಡ್ಕೋ" ಎಂದ ದ್ಯಾಮಣ್ಣ. "ಬಲಗೈ ಈಗ ಆಳು. ಯಜಮಾನಕಿ ಬಿಡಸು ಅದಕ್ಕ."

ಆ ಮಾತಿನಿಂದ ಅವಳಿಗೆ ದಾರಿ ಸಿಕ್ಕಿತು. ಎರಡನೆಯ ದಿನ ಸಂಜೆಯ ಹೊತ್ತಿಗೆ ಹತ್ತು ತತ್ತಿಯಲ್ಲಿ ಏಳು ನಿಂತವು. ಏಳು ಎಂದರೆ ಕಡಿಮೆಯೇ. ನಾಳೆ ಬರುವುದು ಒಂದೇ ಉಂಡೆ. ಯಮನಪ್ಪ ಆವಿಗೆಯ ಸುತ್ತ ಸುತ್ತಿ ಮೋಡ ನೋಡುತ್ತಿದ್ದ. ನನಗೆ ಮಾತ್ರ ಹೆದರಿಕೆ ಇರಲಿಲ್ಲ. ಕಲಿತವರ ಭುಜ ಹೇಗೆ ಇಳಿಯುತ್ತದೆ ಎಂಬುದು ನನಗೆ ಗೊತ್ತು; ಅವಳ ಭುಜ ಇಳಿದಿತ್ತು.

ಮರುದಿನ ಬೆಳಿಗ್ಗೆ ನನ್ನ ಮೂಲೆಯಲ್ಲಿ ಸೊಸೆಯನ್ನು ನಿಲ್ಲಿಸಿ ಏಳನೇ ಓಣಿಗೆ ಹೋದೆ. ಅಷ್ಟು ವರ್ಷದಲ್ಲಿ ನಾನು ನನ್ನ ಮೂಲೆ ಬಿಟ್ಟದ್ದು ಅದೊಂದೇ ದಿನ. ದ್ಯಾಮಣ್ಣನ ಪಕ್ಕ ಕಟ್ಟೆಯ ಮೇಲೆ ಕೂತೆ. ಗಾಳಿಯಲ್ಲಿ ನೆಂದ ಮಣ್ಣಿನ ವಾಸನೆ. ಎಲ್ಲೋ ಹತ್ತಿರ ಆಗಲೇ ಮಳೆ ಬಿದ್ದಿತ್ತು. ಓಣಿಯ ಇಳಿಜಾರಿನ ಕೊನೆಗೆ ಆವಿಗೆ, ಅದರ ಬಾಯಲ್ಲಿ ಕೈ ಕಟ್ಟಿ ಯಮನಪ್ಪ. ಮೂಲೆಯ ಕಲ್ಲಿನ ಮೇಲೆ ಬಲಗಾಲು ಮುಂದೆ, ಎಡಗೈ ಮೇಲೆ, ಶಾವಂತ್ರೆವ್ವ.

ಒಂದೊಂದೇ ಓಣಿಯಿಂದ ಹೊಗೆ ಎದ್ದಿತು. ಮೂರು, ನಾಲ್ಕು, ಐದು. ಆರನೇ ಓಣಿಯ ಕೊನೆಗೆ ಬುಡನಸಾಬ ಓಡಿ ಬಂದ. ಯಾವುದು ಬಲ ಯಾವುದು ಎಡ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದನೋ ಏನೋ, ಉಂಡೆ ದಿನದ ಎಸೆತಕ್ಕಿಂತ ಎತ್ತರ ಬಂತು. ಅವಳು ಕೋಲು ಎತ್ತಿದಳು. ಗೋಡೆ ತಾಗಲಿಲ್ಲ. ಬಲೆಯ ಅಂಚಿಗೆ ಬಡಿದ ಉಂಡೆ ಅವಳ ತಲೆಯ ಮೇಲೆ ಹಾರಿ ಹಿಂದೆ ನೆಲಕ್ಕೆ ಬಿದ್ದು, ಇಳಿಜಾರಿನಲ್ಲಿ ಉರುಳತೊಡಗಿತು.

ದ್ಯಾಮಣ್ಣ ಎದ್ದು ನಿಂತ. ನಾನು ಅವನ ಅಂಗಿ ಹಿಡಿದು ಕೂರಿಸಿದೆ.

ಅವಳು ಆಗಲೇ ತಿರುಗಿ ಓಡುತ್ತಿದ್ದಳು. ಉಂಡೆ ಕಲ್ಲಿನಿಂದ ಕಲ್ಲಿಗೆ ಪುಟಿದು ಮೋರಿಯ ಕಡೆ ಹೊರಳಿತು. ಮೋರಿಯಲ್ಲಿ ನೀರು. ಬಲಗೈ ಮೇಲಿದ್ದರೆ ಅವಳು ಉಂಡೆಯನ್ನು ಸುತ್ತಿಕೊಂಡು ಹೋಗಬೇಕಿತ್ತು, ಹೊತ್ತು ಮೀರುತ್ತಿತ್ತು. ಮೋರಿ ಅವಳ ಎಡಕ್ಕಿತ್ತು, ಈಗ ಬಲೆಯೂ ಎಡಕ್ಕೇ ಇತ್ತು. ಮಂಡಿ ಬಗ್ಗಿತು, ಕೆಳಗಿನ ಕೈಯ ಗಿಣ್ಣುಗಳು ನೆಲ ಸವರಿದವು, ಕಾಲು ನಿಲ್ಲಲಿಲ್ಲ. ಮೋರಿಯ ಅಂಚಿನಲ್ಲಿ ಒಂದು ಕ್ಷಣ ನನಗೆ ಅವಳ ಬೆನ್ನು ಮಾತ್ರ ಕಂಡಿತು. ಆಮೇಲೆ ಬಲೆ ಕಿವಿಯ ಪಕ್ಕ ಎದ್ದಿತು. ಒಳಗೆ ಕೆಂಪು ಹೊರಳುತ್ತಿತ್ತು.

"ಅದರ ಮನಿ ಹಾದು ಹೋದ್ಳು" ಎಂದೆ.

ದ್ಯಾಮಣ್ಣನ ಕಟ್ಟೆಯ ಸಿವುಡು ಹೊತ್ತಿತು, ಅಜ್ಜಿಯದು ಹೊತ್ತಿತು. ಓಡುತ್ತಲೇ ಅವಳು ಆವಿಗೆಯ ಬಾಯಿಗೆ ಬಲೆ ಒಡ್ಡಿದಳು. ಹುಲ್ಲು ಭುಸ್ ಎಂದಿತು, ಯಮನಪ್ಪ ಎರಡು ಬೊಗಸೆ ಕೆಸರು ಬಡಿದು ಬಾಯಿ ಮುಚ್ಚಿದ. ಅವನು ಕೆಸರಿನ ಕೈಯಿಂದಲೇ ಅವಳ ಹಣೆಯ ಬೆವರು ಒರೆಸಿದ. ಹಣೆಯ ತುಂಬ ಮಣ್ಣಾಯಿತು. ಮಳೆ ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಅಷ್ಟರಲ್ಲಿ ಗಡಿಗೆಗಳು ಬೆಂದು, ಆರಿ, ಹೊರಗೆ ಬಂದು ಓಣಿಯ ಎರಡೂ ಬದಿಗೆ ಬೋರಲು ಕೂತಿದ್ದವು. ಮುನ್ನೂರು ಬೆನ್ನಿನ ಮೇಲೆ ಮಳೆ ಬಿದ್ದು ಒಂದೂ ಕರಗಲಿಲ್ಲ. ಒಂದನ್ನು ಎತ್ತಿ ಬೆರಳಿನಿಂದ ಬಡಿದೆ, ಠಣ್ ಎಂದಿತು. ಎಡಗೈಯಿಂದ ಬಡಿದಿದ್ದೆ ಎಂಬುದನ್ನು ದ್ಯಾಮಣ್ಣ ನೋಡಿದ.

ಆಮೇಲಿನ ವಾರ ನಾಲ್ಕನೇ ಓಣಿಗೆ ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳು ಕಲಿಯಲು ಬಂದಳು. ಕೋಲು ಕೊಟ್ಟೆ. ಬಲಗೈ ಮೇಲೆ ಮಾಡಬೇಕೋ ಎಡಗೈಯೋ ಎಂದು ನನ್ನ ಮುಖ ನೋಡುತ್ತ ನಿಂತಳು. ನಲವತ್ತನಾಲ್ಕು ವರ್ಷದ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅವಳ ಕೈಯಿಂದ ಕೋಲನ್ನು ತಿರುಗಿ ತೆಗೆದುಕೊಂಡು ಹೆಗಲಿಗಿಟ್ಟು ಊರ ಕಡೆ ಹೆಜ್ಜೆ ಹಾಕಿದೆ.

"ನಡೀ ಮಗಳ" ಎಂದೆ. "ಮೊದ್ಲ ನಿನ್ನ ಮೂಲಿ ತೋರ್ಸು."